ಜೆಲ್ ಹೊತ್ತಿಕೊಂಡ ಸಂಜೆ

‘ದ್ರಾವಣವನ್ನು 80 ಡಿಗ್ರಿಯಲ್ಲಿ ಜೆಲ್ ಆಗುವವರೆಗೆ ಕಲಕಲಾಯಿತು.’ ಸಂಶೋಧನಾ ಲೇಖನಗಳಲ್ಲಿ ಇದು ಒಂದೇ ಸಾಲು. ಆ ಒಂದು ಸಾಲಿಗೆ ನನ್ನದೊಂದು ಇಡೀ ದಿನ ಹೋಯಿತು.

ಕೋಬಾಲ್ಟ್ ಫೆರೈಟ್ ಮಾಡಬೇಕಿತ್ತು, ಅಂದರೆ ಕೋಬಾಲ್ಟ್, ಕಬ್ಬಿಣ, ಆಮ್ಲಜನಕ ಸೇರಿದ, ಅಯಸ್ಕಾಂತಕ್ಕೆ ಅಂಟುವ ಆಕ್ಸೈಡ್. ಕೋಬಾಲ್ಟ್ ನೈಟ್ರೇಟ್ ಕೆಂಪು, ಫೆರಿಕ್ ನೈಟ್ರೇಟ್ ತಿಳಿ ನೇರಳೆ. ಎರಡೂ ಗಾಳಿಯ ತೇವ ಹೀರುವ ಉಪ್ಪುಗಳು, ಮೇಲಿಂದ ಮಳೆಗಾಲ ಬೇರೆ. ಬೇಗ ಬೇಗ ತೂಗಿ, ಒಂದು ಕೋಬಾಲ್ಟಿಗೆ ಎರಡು ಕಬ್ಬಿಣದ ಲೆಕ್ಕದಲ್ಲಿ ನೀರಿಗೆ ಹಾಕಿದೆ. ಆಮೇಲೆ ಸಿಟ್ರಿಕ್ ಆಮ್ಲ, ಅದೇ ನಿಂಬೆಯ ಹುಳಿ. ಅಮೋನಿಯಾ ಹನಿಹನಿಯಾಗಿ ಬಿಟ್ಟು ಪಿಎಚ್ 7ಕ್ಕೆ ತಂದೆ. ಮೂಗು ಉರಿಯಿತು ಅಂತ ಬೇರೆ ಹೇಳಬೇಕಾ?

ಇಷ್ಟೆಲ್ಲ ಯಾಕೆ? ಕೋಬಾಲ್ಟ್, ಕಬ್ಬಿಣ ಎರಡರ ಆಕ್ಸೈಡ್‌ಗಳನ್ನು ಸುಮ್ನೆ ಅರೆದು ಕುಲುಮೆಗೆ ಹಾಕಿದರೂ ಫೆರೈಟ್ ಬರುತ್ತದೆ. ಆದರೆ ಎಷ್ಟೇ ನುಣ್ಣಗೆ ಅರೆದರೂ ಕೋಬಾಲ್ಟ್ ಒಂದು ಕಣದಲ್ಲಿ, ಕಬ್ಬಿಣ ಇನ್ನೊಂದರಲ್ಲಿ. ಅವು ಬೆರೆಯಲು 1000 ಡಿಗ್ರಿಗೂ ಮೇಲೆ ಗಂಟೆಗಟ್ಟಲೆ ಬೇಯಬೇಕು. ನೀರಿನಲ್ಲಿ ಅಯಾನುಗಳು ಆಗಲೇ ಬೆರೆತಿರುತ್ತವೆ. ಹಾಗೇ ಇಂಗಿಸಿದರೆ ಮತ್ತೆ ಬೇರೆ ಬೇರೆ ಹರಳು ಕಟ್ಟಬಹುದು. ಸಿಟ್ರಿಕ್ ಆಮ್ಲದಿಂದ ಬರುವ ಸಿಟ್ರೇಟ್ ಆ ಅಯಾನುಗಳನ್ನು ಹಿಡಿದಿಟ್ಟು, ಬೆರೆತ ಹಾಗೆಯೇ ಗಟ್ಟಿಯಾಗಲು ಬಿಡುತ್ತದೆ. ಜೆಲ್‌ನ ಕೆಲಸ ಇಷ್ಟೇ. ಅಮೆರಿಕದಲ್ಲಿ ಪೆಚಿನಿ ಎಂಬ ಸಂಶೋಧಕ 1967ರಲ್ಲಿ ಪೇಟೆಂಟ್ ಪಡೆದ ಇಂಥದೇ ವಿಧಾನದಲ್ಲಿ ಸಿಟ್ರಿಕ್ ಆಮ್ಲದ ಜೊತೆ ಎಥಿಲೀನ್ ಗ್ಲೈಕಾಲ್ ಎಂಬ ದ್ರವ ಕೂಡ ಇತ್ತು. ನಾನು ಅದನ್ನು ಹಾಕಲಿಲ್ಲ.

ಮಧ್ಯಾಹ್ನ ಕಳೆದರೂ ನೀರು ನೀರೇ. ಸಂಜೆ ಹೊತ್ತಿಗೆ ಜೋನಿಬೆಲ್ಲದ ಹದ ಬಂತು. ದ್ರಾವಣ ಕಲಕಲು ಒಳಗೆ ತಿರುಗುತ್ತಿದ್ದ ಮ್ಯಾಗ್ನೆಟ್ ತುಂಡು ತಡವರಿಸಿ ನಿಂತಿತು. ಅದನ್ನು ಎತ್ತಿ, ಹೊಗೆ ಹೊರಗೆ ಎಳೆಯುವ ಗೂಡಿನ (ಫ್ಯೂಮ್ ಹುಡ್) ಗಾಜು ಇಳಿಸಿ, ಬಿಸಿ ಏರಿಸಿದೆ.

ಮೊದಲು ಉಬ್ಬಿತು. ಕಂದು ಹೊಗೆ ಎದ್ದಿತು. ಆಮೇಲೆ ಬೀಕರಿನ ಒಂದು ಅಂಚಿನಲ್ಲಿ ಕಿಡಿ. ನೈಟ್ರೇಟ್ ಆಮ್ಲಜನಕ ಕೊಡುತ್ತದೆ, ಸಿಟ್ರೇಟ್ ಸೌದೆಯಾಗುತ್ತದೆ. ಹೊರಗಿನ ಬೆಂಕಿಯೇ ಬೇಡ. ಕೆಂಪು ಗೆರೆಯೊಂದು ಜೆಲ್ ಉದ್ದಕ್ಕೂ ತೆವಳುತ್ತಾ ಹೋಯಿತು, ಹಿಂದೆ ಕಪ್ಪು ಪುಡಿ ಅರಳುತ್ತಾ ಬಂತು. ನಿಮಿಷದೊಳಗೆ ಎಲ್ಲ ಮುಗಿಯಿತು! ಉರಿಯೋ ಭಾಗಕ್ಕೆ ನಮ್ಮೂರಿನ ನಂಟೂ ಇದೆ. 1988ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಿಂಗ್ಸ್ಲಿ ಮತ್ತು ಕೆ.ಸಿ. ಪಾಟೀಲ್ ಅಲ್ಯೂಮಿನಿಯಂ ನೈಟ್ರೇಟ್, ಯೂರಿಯಾ ಬೆರೆಸಿ 500 ಡಿಗ್ರಿ ಕುಲುಮೆಗಿಟ್ಟು, ಕೆಲವೇ ನಿಮಿಷದಲ್ಲಿ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪಡೆದಿದ್ದರು.

ಆರಿದ ಮೇಲೆ ಬೀಕರಿಗೆ ಹೊರಗಿಂದ ಅಯಸ್ಕಾಂತ ಹಿಡಿದೆ. ಪುಡಿ ಗಾಜಿಗೆ ಬಂದು ಅಂಟಿತು. ಎಕ್ಸ್-ಕಿರಣದಿಂದ ಹರಳಿನ ರಚನೆ ನೋಡುವ ಎಕ್ಸ್‌ಆರ್‌ಡಿಯಲ್ಲಿ ಸ್ಪಿನೆಲ್, ಅಂದರೆ ಕೋಬಾಲ್ಟ್ ಫೆರೈಟಿನ ಹರಳು ರಚನೆಯ ಗೆರೆಗಳೇ ಬಂದವು, ಆದರೆ ಅಗಲವಾಗಿ. ಅಂದರೆ ಹರಳುಗಳು ನ್ಯಾನೋ ಅಳತೆಯವು. ಅವು ಇನ್ನಷ್ಟು ಬೆಳೆಯಲಿ ಅಂತ, ಉಳಿದ ಇಂಗಾಲವೂ ಹೋಗಲಿ ಅಂತ, ಪುಡಿಯನ್ನು 600 ಡಿಗ್ರಿಗೆ ಇಟ್ಟೆವು.