ಡಾಕ್ಟ್ರಿಗೂ ಗೊತ್ತಿಲ್ವಂತೆ

ಸಾಗರ, 18 ಜುಲೈ 2024, ಗುರುವಾರ, ರಾತ್ರಿ 11.40

ಪುಟ್ಟಿ ಈಗಷ್ಟೇ ಮಲಗಿದಳು. ಮಳೆ ಬಿಡುವ ಲಕ್ಷಣ ಇಲ್ಲ. ಕರೆಂಟ್ ಎರಡು ಸಲ ಹೋಗಿ ಬಂತು. ಅವಳ ಪಕ್ಕ ಗೋಡೆಗೆ ಒರಗಿ ಕೂತು ಫೋನಿನಲ್ಲೇ ಬರೆಯುತ್ತಿದ್ದೇನೆ.

ಸೋಮವಾರ ರಾತ್ರಿ ಶುರುವಾದ ಜ್ವರ. 102, 103, ನಿನ್ನೆ ಒಮ್ಮೆ 104ರ ಹತ್ತಿರ. ನೆಗಡಿ ಇಲ್ಲ, ಕೆಮ್ಮಿಲ್ಲ, ಭೇದಿ ಇಲ್ಲ. ಬರೀ ಜ್ವರ. ಎರಡೂವರೆ ವರ್ಷದ ಮಗುವನ್ನು ಎಲ್ಲಿ ನೋವು ಅಂತ ಕೇಳಿದರೆ ಒಂದು ಸಲ ತನ್ನ ಹೊಟ್ಟೆ ತೋರಿಸುತ್ತಾಳೆ, ಇನ್ನೊಂದು ಸಲ ಬೊಂಬೆಯ ಹೊಟ್ಟೆ.

ತಮಾಷೆ ಅಂದರೆ ಸುತ್ತಮುತ್ತ ಎಲ್ಲರಿಗೂ ಇದೇನು ಅಂತ ಗೊತ್ತು. ಅತ್ತೆಗೆ ಇದು ದೃಷ್ಟಿ. "ನಾಮಕರಣದ ಮನೇಲಿ ಅಷ್ಟು ಜನ ಎತ್ತಿಕೊಂಡರಲ್ಲ ಮಾರಾಯ್ತಿ" ಅಂತ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟೇ ಬರಲಿಲ್ಲ ನೋಡು ಅಂದರು. ನನಗೆ ಮೂರು ಸೀನು ಬಂತು, ಹೇಳಲಿಲ್ಲ. ಇವರಿಗೆ ಇದು ದವಡೆ ಹಲ್ಲು. ಆಫೀಸಿನಲ್ಲಿ ಡೆಂಗಿ, ಪಪ್ಪಾಯಿ ಎಲೆ ರಸ ಕೊಡು ಅಂತ ಒಂದೇ ದಿನ ನಾಲ್ಕು ಜನ. ಪಕ್ಕದ ಮನೆಯವರು ದನಿ ತಗ್ಗಿಸಿ, ಮಂಗನ ಕಾಯಿಲೆ ಇರಬಹುದಾ ಅಂದರು. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಅದರಿಂದ ಜನ ಸತ್ತದ್ದು ನೆನಪಿರುವವರ ಬಾಯಲ್ಲಿ ಆ ಹೆಸರು ಬಂದರೆ ಎದೆ ಧಸಕ್ ಅನ್ನುತ್ತೆ.

ಇವತ್ತು ನಾನೇ ಕರೆದುಕೊಂಡು ಹೋದೆ. ಡಾಕ್ಟ್ರು ಕಿವಿಗೆ ಟಾರ್ಚ್ ಬಿಟ್ಟರು, ಗಂಟಲು ನೋಡಿದರು, ಕಣ್ಣು, ತುಟಿ, ನಾಲಿಗೆ, ಅಂಗೈ, ಅಂಗಾಲು. ಹೊಟ್ಟೆಯನ್ನು ಎಷ್ಟೋ ಹೊತ್ತು ಒತ್ತಿ ನೋಡಿದರು. ಆಮೇಲೆ ಕೈ ತೊಳೆದು ಬಂದು ಕೂತರು.

"ಏನು ಸರ್?"

"ಗೊತ್ತಿಲ್ಲಮ್ಮ."

ನಾನು ಮುಂದಿನ ಮಾತಿಗೆ ಕಾದೆ. ಅವರು ರಿಪೋರ್ಟ್ ಓದುತ್ತಿದ್ದರು.

"ಮಂಗನ ಕಾಯಿಲೆ…"

"ಈ ಮಳೇಲಾ? ಅದು ಡಿಸೆಂಬರಿಂದ ಮೇ ತನಕ, ಉಣ್ಣೆ ಹುಳ ಹೆಚ್ಚಿದ್ದಾಗ. ಅವಳು ಕಾಡಿಗೆ ಹೋಗಿದ್ದಾಳಾ?"

ಹಿತ್ತಿಲಿಗೂ ಹೋಗಿಲ್ಲ. ಟೈಫಾಯ್ಡಿಗೆ ವಿಡಾಲ್ ರಕ್ತ ಪರೀಕ್ಷೆ ಮಾಡಿಸೋಣ್ವಾ ಅಂದೆ. ಮೂರನೇ ದಿನಕ್ಕೆ ಅದರಲ್ಲಿ ಏನೂ ಗೊತ್ತಾಗಲ್ಲ, ಪಾಸಿಟಿವ್ ಬಂದರೂ ನಾನು ನಂಬಲ್ಲ, ದುಡ್ಡು ದಂಡ ಅಂದರು. ನಿನ್ನೆಯ ಡೆಂಗಿ ಪರೀಕ್ಷೆ ಎನ್‌ಎಸ್‌1 ನೆಗೆಟಿವ್ ಇದೆಯಲ್ಲ, ಡೆಂಗಿ ಅಲ್ಲ ಅಂತಾಯ್ತಲ್ವಾ? ಇಲ್ಲವಂತೆ. ನೆಗೆಟಿವ್ ಬಂದೂ ಡೆಂಗಿ ಇರಬಹುದಂತೆ. ಪ್ಲೇಟ್‌ಲೆಟ್ ನಿನ್ನೆ 1.92 ಲಕ್ಷ, ಇವತ್ತು 1.58. ಬಿಳಿ ಕಣ ಕಮ್ಮಿ ಇದೆ. ಯಾವುದೋ ವೈರಸ್ ಇದ್ದ ಹಾಗಿದೆ, ಯಾವುದು ಅಂತ ಇವತ್ತು ಹೇಳೋಕಾಗಲ್ಲ. ಮೂತ್ರದಲ್ಲಿ ಸೋಂಕಿಲ್ಲ. ಐದು ದಿನ ದಾಟಿದರೆ ಬೇರೆ ಕೆಲವು ಯೋಚನೆ ಮಾಡಬೇಕು. "ನಾಳೆ ಗೊತ್ತಾಗಬಹುದು. ಗೊತ್ತಾಗದೇ ವಾಸಿಯಾಗಲೂಬಹುದು."

ಸಿಟ್ಟು ಬಂತು. ಇಷ್ಟು ಓದಿದವರು, ಏನೋ ಒಂದು ಹೆಸರು ಹೇಳಬಾರದಾ? ಆಂಟಿಬಯಾಟಿಕ್ ಕೂಡ ಬರೆಯಲಿಲ್ಲ. ಬರೆದಿದ್ದರೆ ಗುಲಾಬಿ ಬಣ್ಣದ ಒಂದು ಬಾಟ್ಲಿ ಹಿಡಿದುಕೊಂಡು, ಇದೇ ಕಾಯಿಲೆ, ಇದೇ ಮದ್ದು ಅಂತ ಧೈರ್ಯವಾಗಿ ಮನೆಗೆ ಬರುತ್ತಿದ್ದೆ.

ಹೊರಡುವಾಗ ಜ್ವರದ ಔಷಧಿ ಎಷ್ಟು ಕೊಡ್ತಾ ಇದ್ದೀರಿ ಅಂದರು. ನಿನ್ನೆ ಬರೆದ ಹಾಗೇ ಮೂರೂವರೆ ಎಂಎಲ್. ಬಾಟ್ಲಿ ತೋರಿಸಿ ಅಂದರು. ಮನೆಯಲ್ಲಿದ್ದದ್ದು 5 ಎಂಎಲ್ಲಿಗೆ 125 ಮಿಲಿಗ್ರಾಂನದ್ದು, ಅವರು ಬರೆದದ್ದು 250ರದ್ದು. ಪುಟ್ಟಿ 12 ಕಿಲೋ. ಅಂದರೆ ನಿನ್ನೆಯಿಂದ ನಾನು ಅರ್ಧ ಔಷಧಿ ಕೊಟ್ಟು, ಜ್ವರ ಇಳಿಯಲ್ಲ ಅಂತ ಅಳುತ್ತಾ ಕೂತಿದ್ದೆ. ಅವರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಪ್ಯಾರಾಸಿಟಮಾಲ್ ಬಿಟ್ಟು ಇನ್ಯಾವ ಜ್ವರದ ಸಿರಪ್ಪೂ ಬೇಡ ಅಂತ ಚೀಟಿಯಲ್ಲಿ ಎರಡು ಗೆರೆ ಎಳೆದು ಕೊಟ್ಟರು.

ಮತ್ತೆ ಬಾಗಿಲ ಹತ್ತಿರ ಕರೆದು ಹೇಳಿದರು, "ಜ್ವರ ಬಿಟ್ಟಿತು ಅಂತ ಮೈಮರೀಬೇಡಿ. ಡೆಂಗಿ ಆಗಿದ್ದರೆ ತೊಂದರೆ ಶುರುವಾಗೋದೇ ಜ್ವರ ಇಳಿದ ಮೇಲೆ. ಒಂದೇ ಸಮ ವಾಂತಿ, ಹೊಟ್ಟೆನೋವು, ಕೈಕಾಲು ತಣ್ಣಗಾಗೋದು, ಆರು ಗಂಟೆಯಾದರೂ ಉಚ್ಚೆ ಮಾಡದೇ ಇರೋದು, ಮಂಕಾಗೋದು, ಎಲ್ಲಾದರೂ ರಕ್ತ. ಇಷ್ಟರಲ್ಲಿ ಒಂದು ಕಂಡರೂ ರಾತ್ರಿ ಎರಡು ಗಂಟೆಗಾದರೂ ಬನ್ನಿ."

ಒಂಬತ್ತೂವರೆಗೆ ಮೈ ಬೆವರಿತು. 99. ಔಷಧಿ ಕೊಟ್ಟಿದ್ದು ನಾಲ್ಕಕ್ಕೆ, ಅದರ ಜೋರು ಎಂದೋ ಮುಗಿದಿರಬೇಕು. ಅತ್ತೆ ದೇವರಿಗೆ ಕೈ ಮುಗಿದು "ನಾನು ಹೇಳಲಿಲ್ವಾ" ಅಂದರು. ಇವರು ಮೂರು ರಾತ್ರಿಯ ನಿದ್ದೆಯನ್ನು ಒಟ್ಟಿಗೆ ಮಾಡುತ್ತಿದ್ದಾರೆ, ಗೊರಕೆ ಇಲ್ಲಿಗೆ ಕೇಳಿಸುತ್ತಿದೆ. ಮೊನ್ನೆಯಿಂದ ಈ 99ಕ್ಕೆ ಹರಕೆ ಹೊತ್ತವಳು ನಾನು. ಈಗ ಅದು ಬಂದರೆ ಹೊಟ್ಟೆಯೊಳಗೆ ಕಲ್ಲು ಇಟ್ಟ ಹಾಗಾಗಿದೆ. ಬಾಗಿಲಲ್ಲಿ ಹೇಳಿದ್ದನ್ನು ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.

ಉಚ್ಚೆ ಮಾಡಿದ್ದು 8.20ಕ್ಕೆ. ಗಂಜಿ ನಾಲ್ಕು ಚಮಚ, ಎಳನೀರು ಅರ್ಧ ಲೋಟ. ಪಾದ ಬೆಚ್ಚಗಿದೆ. ಅಥವಾ ನನ್ನ ಕೈಯೇ ತಣ್ಣಗಿದೆಯಾ? ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು ಅಂತ ಡಾಕ್ಟ್ರು ತೋರಿಸಿಕೊಟ್ಟಿದ್ದರು. ಒತ್ತಿದೆ. ಒಂದು, ಎರಡು. ಜೀರೋ ಬಲ್ಬಿನ ಬೆಳಕಲ್ಲಿ ಬಣ್ಣ ಸರಿಯಾಗಿ ಕಾಣುವುದಿಲ್ಲ. ಮೊಬೈಲ್ ಟಾರ್ಚ್ ಹಾಕಿದರೆ ಎದ್ದುಬಿಡುತ್ತಾಳೆ, ಎದ್ದರೆ ಮತ್ತೆ