ಟೆಲಿಕಾಸ್ಟರ್ ಮಾದರಿಯ ಗಿಟಾರ್ ಕಟ್ಟುವುದು: ಮರ, ರೂಟರ್, ಲ್ಯಾಕರ್

ಮೊದಲ ಸಲ ಎಲೆಕ್ಟ್ರಿಕ್ ಗಿಟಾರ್ ಕಟ್ಟುವವರಿಗೆ ಟೆಲಿಕಾಸ್ಟರ್ ಮಾದರಿಗಿಂತ ಸುಲಭದ್ದು ಸಿಗುವುದಿಲ್ಲ. ಬಾಡಿಯಾಗಿ ಚಪ್ಪಟೆ ಹಲಗೆ, ನಾಲ್ಕು ಸ್ಕ್ರೂನಲ್ಲಿ ಕೂರುವ ನೆಕ್ (ಗಿಟಾರಿನ ಉದ್ದನೆಯ ಕತ್ತು), ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಎರಡು ಪಿಕಪ್, ಅಷ್ಟೇ. 1950ರ ಹೊತ್ತಿಗೆ ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ ಇದನ್ನು ರೂಪಿಸಿದ್ದೇ ಕಾರ್ಖಾನೆಯಲ್ಲಿ ಬೇಗ ಜೋಡಿಸಲು, ಕೆಟ್ಟರೆ ಬಿಚ್ಚಿ ಬದಲಿಸಲು ಅನುಕೂಲವಾಗುವಂತೆ. ಮರಗೆಲಸ ಒಂದಿಷ್ಟು ಬಲ್ಲವರು ಬಾಡಿಯನ್ನು ಎರಡು ಮೂರು ದಿನದಲ್ಲಿ ಮುಗಿಸಬಹುದು. ಬಣ್ಣ ಮತ್ತು ಪಾಲಿಶ್ ಮಾತ್ರ ಒಂದೂವರೆ ತಿಂಗಳು ತಿನ್ನುತ್ತದೆ. ಕೆಲಸ ಕೆಡುವುದೂ ಹೆಚ್ಚಾಗಿ ಅಲ್ಲೇ. ಹಾಗಾಗಿ ಮರಗೆಲಸವನ್ನು ಬೇಗ ದಾಟಿ ಅಲ್ಲಿಗೆ ಬರೋಣ.

ಮರಕ್ಕೆ ಗರಗಸ ಇಡುವ ಮುಂಚೆ ನೆಕ್, ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳನ್ನು ಹೊರುವ ತಟ್ಟೆ), ಪಿಕಪ್ ಮೂರೂ ಕೈಯಲ್ಲಿರಲಿ. ನಕ್ಷೆಯಲ್ಲಿ ನೆಕ್ ಪಾಕೆಟ್ (ಬಾಡಿಯಲ್ಲಿ ನೆಕ್ ಕೂರುವ ಗುಂಡಿ) 56 ಮಿ.ಮೀ. ಅಗಲ, 16 ಮಿ.ಮೀ. ಆಳ ಎಂದಿರುತ್ತದೆ. ತರಿಸಿದ ನೆಕ್ಕಿನ ಹಿಮ್ಮಡಿ 55.6 ಇರಬಹುದು, 56.4 ಇರಬಹುದು. ಅರ್ಧ ಮಿಲಿಮೀಟರ್ ಸಡಿಲವಾದರೂ ನೆಕ್ ಪಕ್ಕಕ್ಕೆ ಸರಿದು ಕೊನೆಯ ತಂತಿ ಫ್ರೆಟ್‌ನ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಅಂಚಿನಿಂದ ಜಾರುತ್ತದೆ. ವರ್ನಿಯರ್ ಕ್ಯಾಲಿಪರ್‌ನಲ್ಲಿ ನೆಕ್ ಅಳೆದು, ಅದಕ್ಕೆ ತಕ್ಕಂತೆ ಟೆಂಪ್ಲೇಟ್ (ಕೊರೆಯಲು ದಾರಿ ತೋರುವ ಅಚ್ಚು) ಮಾಡಿಕೊಳ್ಳಿ. ನೆಕ್ ಕೂರಿಸಿ ಬಾಡಿ ಎತ್ತಿದರೆ ಸ್ಕ್ರೂ ಇಲ್ಲದೆಯೂ ಅದು ಕಳಚಿ ಬೀಳಬಾರದು.

ಫೆಂಡರ್ ಬಳಸಿದ ಆಶ್, ಆಲ್ಡರ್ ನಮ್ಮ ಸಾಮಿಲ್‌ಗಳಲ್ಲಿ ಸಿಗುವುದು ಕಷ್ಟ, ಸಿಗಬೇಕಾಗಿಯೂ ಇಲ್ಲ. ಮಹಾಗನಿ ಚೆನ್ನಾಗಿ ಒದಗುತ್ತದೆ. ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಅಗ್ಗ, ನೋಡಲೂ ಚೆಂದ. ಅದರ ಪುಡಿ ಕೆಲವರಿಗೆ ಮೈ ತುರಿಕೆ ತರುವುದರಿಂದ ತುಂಬುತೋಳಿನ ಅಂಗಿ, ಮಾಸ್ಕ್ ಇರಲಿ. ವೀಣೆಗೆ ಬಳಸುವ ಹಲಸೂ ಆಗುತ್ತದೆ. ತೇಗಕ್ಕೆ ಎರಡು ತೊಂದರೆ. ಒಂದು, ತೂಕ: ಈ ಬಾಡಿಯ ಗಾತ್ರ ಹೆಚ್ಚುಕಮ್ಮಿ 4 ಲೀಟರ್, ಹಾಗಾಗಿ 0.65 ಸಾಂದ್ರತೆಯ ತೇಗ ಎರಡೂವರೆ ಕೆ.ಜಿ. ದಾಟುತ್ತದೆ. ನೆಕ್, ಯಂತ್ರಭಾಗ ಸೇರಿದರೆ ಭುಜ ಕೇಳುವುದಿಲ್ಲ. ಇನ್ನೊಂದು, ಅದರ ಎಣ್ಣೆ ಅಂಟನ್ನೂ ಲ್ಯಾಕರನ್ನೂ ಹಿಡಿಯಗೊಡುವುದಿಲ್ಲ. ಅಸಿಟೋನ್‌ನಲ್ಲಿ ಒರೆಸಿದ ಕೂಡಲೇ ಅಂಟಿಸಬೇಕು. ಯಾವ ಮರವಾದರೂ ತೇವಾಂಶ ಶೇ 10–12ರ ಆಸುಪಾಸಿಗೆ ಇಳಿದಿರಲಿ. ಹಸಿ ಹಲಗೆ ಕೊರೆದರೆ ಆರು ತಿಂಗಳಲ್ಲಿ ನಡುವಿನ ಜೋಡಣೆ ಬಣ್ಣದ ಮೇಲೆ ಗೆರೆಯಾಗಿ ಎದ್ದು ಕಾಣುತ್ತದೆ.

ನೆಕ್ ಮೇಲೆ ಬೆರಳಿಡುವ ಪಟ್ಟಿಯಾದ ಫಿಂಗರ್‌ಬೋರ್ಡಿಗೆ ಬೀಟೆಯೇ ಬೇಕೆನ್ನುವವರು ಬಿಲ್ಲಿರುವ ಮರವನ್ನೇ ಕೊಳ್ಳಿ. ಮೊದಲ ಪಟ್ಟಿಯಲ್ಲಿರುವ ಬ್ರೆಜಿಲ್ ಜಾತಿಯೊಂದನ್ನು ಬಿಟ್ಟರೆ, ಬೀಟೆ ಸೇರಿದ ಡಾಲ್ಬರ್ಜಿಯಾ ಕುಲ ಇಡಿಯಾಗಿ 2017ರ ಜನವರಿಯಿಂದ ಸೈಟಿಸ್ ಒಪ್ಪಂದದ (ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವಂಥದ್ದು) ಎರಡನೇ ಪಟ್ಟಿಯಲ್ಲಿದೆ. 2019ರ ನವೆಂಬರ್‌ನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆ, ಬಿಡಿ ಹಲಗೆಗೆ ಇಲ್ಲ.

ತಿರುಗುವ ಬಿಟ್‌ನಿಂದ ಮರ ಕೊರೆಯುವ ಯಂತ್ರವಾದ ರೂಟರ್ ಕೆಲಸದಲ್ಲಿ ನೆನಪಿಡಬೇಕಾದದ್ದು ದಿಕ್ಕು. ಕೈಯಲ್ಲಿ ಹಿಡಿದ ರೂಟರನ್ನು ಬಾಡಿಯ ಹೊರ ಅಂಚಿನಲ್ಲಿ ಅಪ್ರದಕ್ಷಿಣೆಯಾಗಿ, ಗುಂಡಿಗಳ ಒಳಗೆ ಪ್ರದಕ್ಷಿಣೆಯಾಗಿ ಸರಿಸಬೇಕು. ತಿರುಗಾ ಮುರುಗಾ ಆದರೆ ಬಿಟ್ ಮರವನ್ನು ಹತ್ತಿಕೊಂಡು ಓಡುತ್ತದೆ. ಮೊದಲು ಜಿಗ್ಸಾದಲ್ಲಿ ಗೆರೆಯಿಂದ 2 ಮಿ.ಮೀ. ಹೊರಗೆ ಕತ್ತರಿಸಿ, ಗುಂಡಿಗಳನ್ನು ಫೋರ್ಸ್ಟ್ನರ್ ಬಿಟ್‌ನಲ್ಲಿ ಮುಕ್ಕಾಲು ಪಾಲು ಖಾಲಿ ಮಾಡಿ, ಆಮೇಲೆ ಒಂದು ಸಲಕ್ಕೆ 3–4 ಮಿ.ಮೀ. ಆಳದಂತೆ ರೂಟರ್ ಓಡಿಸಿ. ಬಾಡಿಯ ಕೊಂಬಿನ ತುದಿಯಲ್ಲಿ ನಾರು ಅಡ್ಡ ಬರುವ ಕಡೆ ಚಕ್ಕೆ ಹಾರುವುದು ಮಾಮೂಲು. ಅಲ್ಲಿ ಆಳ ಒಂದೂವರೆ ಮಿಲಿಮೀಟರ್‌ಗೆ ಇಳಿಸಿ.

ಬ್ರಿಡ್ಜ್ ತೂತು ಕೊನೆಗೆ. ನೆಕ್ ಬಿಗಿದು, ನಟ್‌ನ (ನೆಕ್‌ನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಎರಡೂ ಅಂಚಿನಿಂದ ಬ್ರಿಡ್ಜ್‌ವರೆಗೆ ದಾರ ಎಳೆದು ನೋಡಿ. ದಾರ ಎರಡೂ ಬದಿಯ ಫ್ರೆಟ್ ಅಂಚಿನಿಂದ ಒಂದೇ ದೂರದಲ್ಲಿರಬೇಕು. ನಟ್‌ನಿಂದ 12ನೇ ಫ್ರೆಟ್‌ಗೆ 324 ಮಿ.ಮೀ., ಸ್ಯಾಡಲ್‌ಗೆ (ಬ್ರಿಡ್ಜ್ ಮೇಲೆ ತಂತಿ ಕೂರುವ, ಹಿಂದೆ ಮುಂದೆ ಸರಿಸಬಹುದಾದ ತುಂಡು) 648. ಸಣ್ಣ ತಂತಿಯ ಸ್ಯಾಡಲನ್ನು ಮುಂದಕ್ಕೆ ತಂದು, ಮುಂದೆ 2 ಮಿ.ಮೀ.ನಷ್ಟು ಮಾತ್ರ ಎಡೆ ಬಿಟ್ಟು, ಆ ಸ್ಥಿತಿಯಲ್ಲಿ 648ಕ್ಕೆ ಕೂರಿಸಿ. ದಪ್ಪ ತಂತಿಗಳು ಶ್ರುತಿಗೆ ಬರಲು ಸ್ಯಾಡಲ್ ಇನ್ನೂ ಹಿಂದಕ್ಕೆ ಹೋಗುತ್ತದೆ, ಮುಂದಕ್ಕೆ ಹೋಗುವುದಿಲ್ಲ.

ಇನ್ನು ಬಣ್ಣ. ಎಮರಿ 120ರಿಂದ ಶುರುಮಾಡಿ 180, 240ಕ್ಕೆ ಬನ್ನಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ನಾರು ಎದ್ದು ನಿಲ್ಲುತ್ತದೆ. ಒಣಗಿದ ಮೇಲೆ 320ರಲ್ಲಿ ಹಗುರವಾಗಿ ಕೆಡಹಿ. ದೀಪವನ್ನು ಪಕ್ಕದಿಂದ, ಮಟ್ಟಸವಾಗಿ ಹಿಡಿದು ನೋಡಿ. 120ರ ಗೀರು ಬರಿ ಮರದಲ್ಲಿ ಕಾಣದು, ಲ್ಯಾಕರ್ ಬಿದ್ದ ಕ್ಷಣ ಕಾಣುತ್ತದೆ, ಆಗ ಮಾಡಲು ಏನೂ ಇರುವುದಿಲ್ಲ. ಮಹಾಗನಿಯಂಥ ರಂಧ್ರದ ಮರಕ್ಕೆ ಗ್ರೇನ್ ಫಿಲ್ಲರ್ ಎರಡು ಸಲ, ನಾರಿಗೆ ಅಡ್ಡಲಾಗಿ ತಿಕ್ಕಿ ತುಂಬಬೇಕು. ಸರಿಯಾಗಿ ಒಣಗುವ ಮೊದಲೇ ಮೇಲೆ ಹೊಡೆದರೆ ಫಿಲ್ಲರ್ ತಿಂಗಳ ನಂತರ ಕುಗ್ಗಿ, ಕನ್ನಡಿಯಂಥ ಮೈಯಲ್ಲಿ ಸಣ್ಣ ಸಣ್ಣ ಕುಳಿ ಬೀಳುತ್ತದೆ.

ಅದರ ಮೇಲೆ ಸೀಲರ್, ಅಂದರೆ ಮರವನ್ನು ಮುಚ್ಚುವ ತಳಪದರ. ಮೇಣ ತೆಗೆದ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಎರಡು ಕೈ ಹಚ್ಚಿದರೆ ಅದರ ಮೇಲೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್, ಪಿಯು (ಪಾಲಿಯುರೆಥೇನ್) ಎರಡೂ ಹಿಡಿಯುತ್ತವೆ. ಮೇಣವಿರುವ ಮಾಮೂಲು ಅರಗಿನ ಮೇಲೆ ಪಿಯು ಸಿಪ್ಪೆಯಂತೆ ಏಳುತ್ತದೆ.

ಪಿಯುವಿನ ವಿಷಯ ಹೇಳಿಬಿಡುತ್ತೇನೆ. ಗಟ್ಟಿಕಾರಕ ಬೆರೆಸುವ ಎರಡು ಡಬ್ಬಿಯ ಪಿಯುವಿನಲ್ಲಿ ಐಸೋಸಯನೇಟ್ ಇರುತ್ತದೆ. ಬಟ್ಟೆ ಮಾಸ್ಕ್ ಅದಕ್ಕೆ ಲೆಕ್ಕಕ್ಕೇ ಇಲ್ಲ, ಒಮ್ಮೆ ಶ್ವಾಸಕ್ಕೆ ಅಲರ್ಜಿ ಹತ್ತಿದರೆ ಬಿಡುವುದಿಲ್ಲ. ಅದು ಬೇಕಿದ್ದರೆ ಸ್ಪ್ರೇ ಬೂತ್ ಇರುವ ಕಾರು ಪೇಂಟಿಂಗ್ ಗ್ಯಾರೇಜಿಗೆ ಬಾಡಿ ಒಯ್ದುಕೊಡಿ. ಪಿಯುವಿಗೆ ಇನ್ನೊಂದು ಗುಣ: ಒಂದರ ಮೇಲೊಂದು ಪದರ ಕರಗಿ ಬೆರೆಯುವುದಿಲ್ಲ. ಉಜ್ಜುವಾಗ ಮೇಲಿನ ಪದರ ದಾಟಿದರೆ ನಕಾಶೆಯ ಗೆರೆಯಂತೆ ಅಂಚು ಉಳಿಯುತ್ತದೆ, ಮತ್ತೆ ಪೂರಾ ಹೊಡೆಯದೆ ಹೋಗದು. ಎನ್‌ಸಿ ಲ್ಯಾಕರ್‌ನಲ್ಲಿ ಹೊಸ ಪದರ ಹಳೆಯದನ್ನು ಕರಗಿಸಿ ಒಂದಾಗುತ್ತದೆ. ತೇಪೆ ಹಾಕಲು ಅದೇ ಒಳ್ಳೆಯದು, ಮನೆಯಲ್ಲಿ ಮಾಡುವವರಿಗೆ ನನ್ನ ಮತ ಅದಕ್ಕೇ. ಅದರ ವಿಷವೂ ಕಡಿಮೆಯದೇನಲ್ಲ. ಇಂಗಾಲದ ಕಾರ್ಟ್ರಿಡ್ಜ್ ಮಾಸ್ಕ್ ಬೇಕೇ ಬೇಕು, ದೇವರ ದೀಪ, ಗ್ಯಾಸ್ ಒಲೆ ಇರುವ ಕಡೆ ಹೊಡೆಯಲೇಬಾರದು.

ನೆಕ್ ಪಾಕೆಟ್‌ಗೆ ಟೇಪ್ ಹಾಕಿ, ಅದರೊಳಕ್ಕೇ ಒಂದು ಪಟ್ಟಿ ಸ್ಕ್ರೂ ಮಾಡಿ ಹಿಡಿ ಮಾಡಿಕೊಳ್ಳಿ. ಪಾಕೆಟ್ ಒಳಗೆ ಲ್ಯಾಕರ್ ಕೂತರೆ ನೆಕ್ ಒತ್ತುವಾಗ ಮೂಲೆಯಿಂದ ಬಿರುಕು ಹೊರಡುತ್ತದೆ. ಲ್ಯಾಕರ್, ಥಿನ್ನರ್ ಸಮಸಮ, 1.3 ಮಿ.ಮೀ. ನಾಝಲ್, ದಿನಕ್ಕೆ ಮೂರು ತೆಳು ಪದರ, ನಡುವೆ ಎರಡು ಗಂಟೆ. ಮೊದಲು ಅಂಚು, ಆಮೇಲೆ ಮುಖ. ಹಳೆಯ ಬಟರ್‌ಸ್ಕಾಚ್ ಬಣ್ಣದಂಥ ಪಾರದರ್ಶಕ ಬಣ್ಣವಾದರೆ ಅದೇ ಹಲಗೆಯ ತುಂಡಿನ ಮೇಲೆ ಪದರ ಎಣಿಸಿ ನೋಡಿಕೊಳ್ಳಿ. ಒಂದು ಪದರ ಹೆಚ್ಚಾದರೂ ಛಾಯೆ ಬದಲಾಗುತ್ತದೆ. ಮೇಲೆ ಬಣ್ಣವಿಲ್ಲದ ಲ್ಯಾಕರ್ 8–10 ಪದರ.

ಹವೆಯೇ ಇಲ್ಲಿ ಯಜಮಾನ. ಗಾಳಿಯ ತೇವಾಂಶ ಶೇ 65–70 ದಾಟಿದರೆ ಥಿನ್ನರ್ ಆರುವಾಗ ಮೈ ತಣ್ಣಗಾಗಿ ನೀರಿನ ಪಸೆ ಕೂತು ಲ್ಯಾಕರ್ ಹಾಲಿನಂತೆ ಬೆಳ್ಳಗಾಗುತ್ತದೆ. ಮಂಗಳೂರು, ಕಾರವಾರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲ್ಯಾಕರ್ ಮುಟ್ಟದಿರುವುದೇ ಕ್ಷೇಮ. ಆಗಲೇ ಬೆಳ್ಳಗಾಗಿದ್ದರೆ ಒಣಹವೆ ದಿನ ನೋಡಿ, ನಿಧಾನವಾಗಿ ಆರುವ ರಿಟಾರ್ಡರ್ ಬೆರೆಸಿದ ಥಿನ್ನರನ್ನು ತೆಳ್ಳಗೆ ಒಂದು ಕೈ ಹೊಡೆಯಿರಿ, ಸಿಕ್ಕಿಕೊಂಡ ನೀರು ಹೊರಬರುತ್ತದೆ. ಇದಕ್ಕೆ ವಿರುದ್ಧ ಏಪ್ರಿಲ್‌ನ ಮಧ್ಯಾಹ್ನ: ಹನಿ ಗಾಳಿಯಲ್ಲೇ ಒಣಗಿ ಬಾಡಿಯ ಮೇಲೆ ಮರಳಿನಂತೆ ಉದುರುತ್ತದೆ. ಬೇಸಿಗೆಯಲ್ಲಿ ಬೆಳಗ್ಗೆ ಹತ್ತರೊಳಗೆ ಮುಗಿಸಿ.

ಆಮೇಲೆ ಮೂರು ನಾಲ್ಕು ವಾರ ತೂಗುಹಾಕಿ ಮರೆತುಬಿಡಿ. ಆರಿದೆಯೋ ಇಲ್ಲವೋ ಎಂದು ತಿಳಿಯಲು ಪಿಕಪ್ ಗುಂಡಿಗೆ ಮೂಗಿಟ್ಟು ನೋಡಿ. ಥಿನ್ನರ್ ವಾಸನೆ ಬಂದರೆ ಇನ್ನೂ ಕುಗ್ಗಲಿದೆ. ನೀರಿನಲ್ಲಿ 1000, 1500, 2000ರ ವಾಟರ್ ಪೇಪರ್, ಪಾತ್ರೆ ಸೋಪು ಎರಡು ಹನಿ, ಹಿಂದೆ ಗಟ್ಟಿ ರಬ್ಬರ್ ತುಂಡು. ಅಂಚಿಗೆ ಬೆರಳಲ್ಲಿ ಒತ್ತಬೇಡಿ, ಬಣ್ಣ ಮೊದಲು ಸವೆಯುವುದು ಅಲ್ಲೇ. ತೂತುಗಳಿಗೆ ಮೇಣ ತುಂಬಿಡಿ. ನೀರು ಇಳಿದರೆ ಮರ ಊದಿ ತೂತಿನ ಸುತ್ತ ಲ್ಯಾಕರ್ ಉಂಗುರದಂತೆ ಸೀಳುತ್ತದೆ. ಲ್ಯಾಕರ್ ಮೇಲೆ ಹೊಸ ತೂತು ಹಾಕಬೇಕಾದರೆ ಡ್ರಿಲ್ಲನ್ನು ಮೊದಲು ಹಿಮ್ಮುಖವಾಗಿ ತಿರುಗಿಸಿ, ಪದರ ಸವೆದ ಮೇಲೆ ಮುಂದಕ್ಕೆ. ಚಕ್ಕೆ ಏಳುವುದಿಲ್ಲ.

ವೈರಿಂಗ್ ಚಿಕ್ಕ ಕೆಲಸ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ಗೆ 250ಕೆ (ಕಿಲೋ ಓಮ್) ಪಾಟ್, ಅಂದರೆ ಧ್ವನಿ ಏರಿಸಿ ಇಳಿಸುವ ತಿರುಗಣೆ, ಟೋನ್‌ಗೆ 0.022 ಅಥವಾ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್. ಪಾಟ್‌ನ ಬೆನ್ನಿಗೆ ಬೆಸುಗೆ ಹಿಡಿಯಲು 25 ವ್ಯಾಟ್ ಸಾಲದು, 50–60 ಬೇಕು. ಕಡಿಮೆ ಬಿಸಿಯಲ್ಲಿ ಹೊತ್ತು ಹಿಡಿದರೆ ಪಾಟ್ ಒಳಗೇ ಸುಡುತ್ತದೆ. ಬ್ರಿಡ್ಜ್ ತಳದಿಂದ ಗ್ರೌಂಡ್ ತಂತಿ ಮರೆಯಬೇಡಿ. ತಂತಿ ಮುಟ್ಟಿದಾಗ ಗುಂಯ್‌ಗುಡುವುದು ಹೆಚ್ಚಾದರೆ ಗ್ರೌಂಡ್ ಎಲ್ಲೋ ಬಿಟ್ಟಿದೆ ಎಂದರ್ಥ, ಮಲ್ಟಿಮೀಟರ್‌ನಲ್ಲಿ ಬ್ರಿಡ್ಜ್‌ಗೂ ಜ್ಯಾಕ್‌ಗೂ ನಡುವೆ ನೋಡಿ. ಮುಟ್ಟದೆ ಬಿಟ್ಟಾಗಲೂ ಸ್ವಲ್ಪ ಉಳಿಯುವ 50 ಹರ್ಟ್ಸ್ ಸದ್ದು ಸಿಂಗಲ್ ಕಾಯಿಲ್‌ನ ಹುಟ್ಟುಗುಣ.

ಮುಗಿದ ಗಿಟಾರನ್ನು ರಬ್ಬರ್ ಅಥವಾ ಫೋಮ್ ಸ್ಟ್ಯಾಂಡಿನಲ್ಲಿ ನಿಲ್ಲಿಸಬೇಡಿ, ಅದರಲ್ಲಿನ ರಾಸಾಯನಿಕ ಎನ್‌ಸಿ ಲ್ಯಾಕರನ್ನು ಮೆತ್ತಗಾಗಿಸಿ ಗುರುತು ಮೂಡಿಸುತ್ತದೆ. ಸ್ಟ್ಯಾಂಡಿನ ತೋಳುಗಳಿಗೆ ಹಳೆಯ ಹತ್ತಿ ಪಂಚೆಯ ತುಂಡು ಸುತ್ತಿದರೆ ಸಾಕು.