ಫೈಲ್ ಕಣ್ಣೆದುರಿಗೇ ಇದೆ, ಆದ್ರೆ ಇಲ್ಲವಂತೆ!

ಕಾಸು ಹಾಕಿ ಆಡುವ ಆರ್ಕೇಡ್ ಪೆಟ್ಟಿಗೆಯೊಳಗೆ ಏನೋ ವಿಚಿತ್ರ ಬೋರ್ಡ್ ಇರುತ್ತದೆ ಅಂತ ಬಹಳ ದಿನ ನಂಬಿದ್ದೆ. 2004ರ ಟೈಟೊ ಟೈಪ್ ಎಕ್ಸ್ ಅನ್ನೋ ಆರ್ಕೇಡ್ ಯಂತ್ರ ಬಿಚ್ಚಿದರೆ ಸಿಗುವುದು ಒಂದು ಪಿಸಿ, ಅದರಲ್ಲಿ ವಿಂಡೋಸ್ ಎಕ್ಸ್‌ಪಿ ಎಂಬೆಡೆಡ್. 2005ರ ಸೆಗಾ ಲಿಂಡ್‌ಬರ್ಗ್ ಇನ್ನೂ ಮಜಾ. ಪೆಂಟಿಯಂ 4, ಎನ್‌ವಿಡಿಯಾ ಕಾರ್ಡ್, ಮೇಲೆ ಲಿನಕ್ಸ್!

ಹಾಗಾದ್ರೆ ಇವೆರಡರ ಆಟಗಳನ್ನೂ ಮನೆಯಲ್ಲೇ ಆಡೋಣ ಅನ್ನಿಸಿತು. ಹಳೆ ಆಟಗಳಿಗೆ ಅಂತ ಇಟ್ಟಿರುವ ನನ್ನ ಪಿಸಿಯಲ್ಲಿ ಡೆಬಿಯನ್ ಇದೆ, ಅದೂ ಒಂದು ಲಿನಕ್ಸೇ. ಲಿನಕ್ಸ್ ಆಟ ಲಿನಕ್ಸ್ ಮೇಲೆ, ಇದಕ್ಕಿಂತ ಸುಲಭ ಇನ್ನೇನಿದೆ ಅಲ್ವಾ? ಟೈಪ್ ಎಕ್ಸ್‌ಗೆ ಇಡೀ ಶನಿವಾರ ಎತ್ತಿಟ್ಟೆ. ಲಿಂಡ್‌ಬರ್ಗ್‌ಗೆ ಊಟಕ್ಕೆ ಮುಂಚಿನ ಅರ್ಧ ಗಂಟೆ.

ಆಗಿದ್ದು ಉಲ್ಟಾ. ಟೈಪ್ ಎಕ್ಸ್‌ನ ರೈಡನ್ 3, ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್‌ನಲ್ಲಿ ಎರಡನೇ ಸಲಕ್ಕೇ ಓಡಿತು. ಅದು ಉದ್ದ ಪರದೆಯ ಆಟ, ಹಾಗಾಗಿ ಮಾನಿಟರನ್ನೇ ತಿರುಗಿಸಿ ನಿಲ್ಲಿಸಿದೆ. ಅಷ್ಟೇ ಕೆಲಸ.

ಆಮೇಲೆ ಲಿಂಡ್‌ಬರ್ಗ್‌ನ ಕಾರ್ ರೇಸ್, ಔಟ್‌ರನ್ 2 ಎಸ್‌ಪಿ ಎಸ್‌ಡಿಎಕ್ಸ್. 'ಅಂಥ ಫೈಲ್ ಇಲ್ಲ' ಅಂದಿತು ಟರ್ಮಿನಲ್. ಫೈಲ್‌ಗಳ ಪಟ್ಟಿ ತೋರಿಸುವ ಎಲ್‌ಎಸ್ ಕಮಾಂಡ್ ಕೊಟ್ಟರೆ ಫೈಲ್ ಅಲ್ಲೇ ಕೂತಿದೆ. ಹೆಸರು ಮತ್ತೆ ಟೈಪ್ ಮಾಡಿದೆ, ಪರ್ಮಿಷನ್ ಬದಲಿಸಿದೆ, ಫೋಲ್ಡರನ್ನೇ ಬೇರೆ ಕಡೆ ಹಾಕಿದೆ. ಊಟ ಆರಿತು. ಕೊನೆಗೆ 'ಫೈಲ್' ಅನ್ನೋ ಕಮಾಂಡ್ ಕೊಟ್ಟಾಗ ಗೊತ್ತಾಯಿತು, ಇದು 32 ಬಿಟ್ ಪ್ರೋಗ್ರಾಂ. ನನ್ನದು ಬರೀ 64 ಬಿಟ್ ಸಿಸ್ಟಮ್. ಇಲ್ಲದೇ ಇದ್ದದ್ದು ಆಟವಲ್ಲ, ಅದನ್ನು ಮೆಮೊರಿಗೆ ಹತ್ತಿಸುವ 32 ಬಿಟ್ ಲೋಡರ್. ಅದನ್ನು ನೇರವಾಗಿ ಹೇಳಬಾರದಾ, ಮಾರಾಯ! ಡೆಬಿಯನ್‌ನಲ್ಲಿ ಪ್ರೋಗ್ರಾಂ ಹಾಕುವ ಡಿಪಿಕೆಜಿಗೆ ಐ386, ಅಂದ್ರೆ 32 ಬಿಟ್ ಬೆಂಬಲ, ಸೇರಿಸಿ, ಯಾವ ಲೈಬ್ರರಿ ಇಲ್ಲ ಅಂತ ಎಲ್‌ಡಿಡಿ ಕಮಾಂಡಿನಲ್ಲಿ ನೋಡಿಕೊಂಡು ಲೈಬ್ರರಿಗಳನ್ನು ಒಂದೊಂದಾಗಿ ಹಾಕಿದೆ. ಗ್ರಾಫಿಕ್ಸ್ ಡ್ರೈವರಿನ 32 ಬಿಟ್ ಭಾಗವೂ ಬೇಕಿತ್ತು, ಅದು ನೆನಪಾಗುವಷ್ಟರಲ್ಲಿ ರಾತ್ರಿ ಹನ್ನೊಂದು.

ಅಲ್ಲಿಗೂ ಮುಗಿಯಲಿಲ್ಲ. ಈ ಆಟಗಳು ಗೇಮ್‌ಪ್ಯಾಡ್ ಹುಡುಕುವುದಿಲ್ಲ. ಬಟನ್, ಸ್ಟೀರಿಂಗ್, ಕಾಯಿನ್ ಎಲ್ಲವೂ ಜೆವಿಎಸ್ ಎಂಬ ಆರ್ಕೇಡ್ ಮಾನದಂಡದ ಬೋರ್ಡಿನಿಂದ ಬರಬೇಕು. ಆ ಬೋರ್ಡ್ ಇದ್ದ ಹಾಗೆ ನಟಿಸುವುದಕ್ಕೆ ಲಿಂಡ್‌ಬರ್ಗ್ ಲೋಡರ್ ಅಂತ ಬೇರೆ ಪ್ರೋಗ್ರಾಂ ಇದೆ. ನಾನು ಸ್ಟೀರಿಂಗ್, ಗೇರ್, ಬ್ರೇಕ್ ಎಲ್ಲಾ ಹೊಂದಿಸಿ, ಕಾಯಿನ್ ಬಟನ್ ಮಾತ್ರ ಮರೆತಿದ್ದೆ. ಸ್ವಂತ ಮನೆಯಲ್ಲಿ ಕಾಸಿಲ್ಲದೆ ಸುಮ್ನೆ ಪರದೆ ನೋಡ್ತಾ ಕೂತೆ.

ಕಾಯಿನ್ ಸರಿಯಾದ ಮೇಲೆ ಕಾರು ಹುಚ್ಚು ಹಿಡಿದಂತೆ ಓಡಿತು. ಆಟ ಸೆಕೆಂಡಿಗೆ 60 ಫ್ರೇಮಿನ ಲೆಕ್ಕದಲ್ಲಿ ನಡೆಯುತ್ತದೆ, ನನ್ನ ಮಾನಿಟರ್ 144 ಹರ್ಟ್ಜ್, ಅಂದ್ರೆ ಸೆಕೆಂಡಿಗೆ 144 ಫ್ರೇಮ್. ಲಿಂಡ್‌ಬರ್ಗ್ ಲೋಡರಿನಲ್ಲೇ ಫ್ರೇಮಿಗೆ ಮಿತಿ ಹಾಕಿದೆ.

ಈಗ ಆಡಬಹುದು. ಆದ್ರೆ ನೇರ ರಸ್ತೆಯಲ್ಲೂ ಕಾರು ಎಡಕ್ಕೇ ಎಳೆಯುತ್ತದೆ. ಟೆಸ್ಟ್ ಮೆನುವಿನಲ್ಲಿ ಸ್ಟೀರಿಂಗ್ ಸರಿ ಮಾಡಬೇಕು. ಆ ಮೆನು ತೆರೆಯುವ ಟೆಸ್ಟ್ ಬಟನ್ನನ್ನೂ ನಾನಿನ್ನೂ ಜೋಡಿಸಿಲ್ಲ.